ಮಿಲಿಟರಿ ಜೀಪಿಗೆ ಊರಿನ ನಂಬರು

ಹರಾಜಿನಲ್ಲಿ ಕೊನೆಯ ಕೂಗು ಬೀಳುವ ತನಕ ಸೇನೆಯ ಜೀಪಿಗೆ ವಿಮೆಯೂ ಬೇಕಿಲ್ಲ, ಆರ್‌ಸಿ ಪುಸ್ತಕವೂ ಬೇಕಿಲ್ಲ. ಸರ್ಕಾರದ ಗಾಡಿ, ಸರ್ಕಾರದ ಜವಾಬ್ದಾರಿ. ಕೂಗು ಬಿದ್ದ ಮರುಕ್ಷಣ ಅದು ಬರೀ ಕಬ್ಬಿಣ. ಬಾಣದ ಗುರುತಿನ ಸೇನೆಯ ನಂಬರನ್ನು ಅಳಿಸಿಬಿಡುತ್ತಾರೆ, ಊರಿನ ನಂಬರು ಇನ್ನೂ ಬಂದಿರುವುದಿಲ್ಲ. ಈ ನಡುವಿನ ಹೊತ್ತಿನಲ್ಲಿ ಅದು ಯಾರಿಗಾದರೂ ಗುದ್ದಿತೋ, ಕೊಂಡವನ ಮನೆಮಠ ಹೋದಂತೆಯೇ. ಆ ನಡುವಿನ ಹೊತ್ತೇ ನನಗೆ ಅನ್ನ ಕೊಟ್ಟಿತು.

ಶಿವಾಜಿನಗರದಿಂದ ಕೆ.ಆರ್. ಪುರಂವರೆಗೆ, ತೊಂಬತ್ತರ ದಶಕದಿಂದ ಮುಂದಿನ ದಶಕ ಮುಗಿಯುವವರೆಗೆ, ಹರಾಜಿನ ಜೀಪು ಕೊಂಡವರೆಲ್ಲ ಒಂದಲ್ಲ ಒಂದು ದಿನ ನನ್ನ ಮೇಜಿನ ಮುಂದೆ ಬಂದು ಕೂತವರೇ. ಈಗ ನಿವೃತ್ತಳು ಎನ್ನಬಹುದು. ಆದರೂ ಹೊಸದಾಗಿ ವಿಮೆ ಏಜೆನ್ಸಿ ಹಿಡಿದ ಹುಡುಗಿಯರು ಫೋನು ಮಾಡಿ, “ಆಂಟಿ, ಡಿಸ್ಪೋಸಲ್ ಜೀಪು ಒಂದು ಬಂದಿದೆ, ಬಿಡ್ಲಾ ಹಿಡೀಲಾ?” ಎಂದು ಕೇಳಿದರೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಎದ್ದುಬಿಡುತ್ತೇನೆ. ಹಿಡಿಯಿರಮ್ಮ! ಹೊಸ ಕಾರಿಗೆ ಯಾರು ಬೇಕಾದರೂ ಪಾಲಿಸಿ ಮಾಡುತ್ತಾರೆ. ಕಸುಬು ಕಲಿಯಬೇಕಾದರೆ ಇಂಥದ್ದೇ ಸಿಗಬೇಕು.

ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಮರ್ಫಿ ಟೌನಿನ ಒಂದು ಕೋಣೆಯ ಮನೆಯಿಂದ ಟೈಪ್‌ರೈಟರ್ ಹೊತ್ತುಕೊಂಡು ಹೋಗಿ ಆರ್‌ಟಿಓ ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಅರ್ಜಿ ಟೈಪು ಮಾಡಿಕೊಡುತ್ತಿದ್ದೆ. ಅರ್ಜಿ ಟೈಪು ಮಾಡುವವಳಿಗೆ ಯಾವ ಅರ್ಜಿ ವಾಪಸು ಬರುತ್ತದೆ, ಯಾಕೆ ಬರುತ್ತದೆ ಎಂಬುದು ಬೇಗ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಪುಕ್ಕಟೆ ಹೇಳುವುದು ಯಾಕೆ ಎಂದು ಒಂದು ದಿನ ಯೋಚಿಸಿದೆ. ಸರ್ಕಾರಿ ವಿಮಾ ಕಂಪನಿಯೊಂದರ ಏಜೆನ್ಸಿ ಪರೀಕ್ಷೆ ಪಾಸು ಮಾಡಿದೆ. ‘ಟೈಪಿಸ್ಟ್ ವಿಮಲಾ’ ಅಲ್ಲಿಂದ ಮುಂದೆ ‘ವಿಮಲಕ್ಕ’ ಆದಳು.

ನಮ್ಮ ಬ್ರಾಂಚಿನ ಮ್ಯಾನೇಜರು ಮಹಾ ಹುಷಾರಿ ಮನುಷ್ಯ. ನಾನು ಒಳಗೆ ಕಾಲಿಡುತ್ತಿದ್ದಂತೆ ಕನ್ನಡಕ ತೆಗೆದು, “ಬಂದ್ಯಾ? ಇವತ್ತು ಯಾವ ಯುದ್ಧದಲ್ಲಿ ಸೋತ ಗಾಡಿ ತಂದಿದ್ದೀಯ?” ಎನ್ನುತ್ತಿದ್ದರು.

“ಸೋತಿದ್ದಲ್ಲ ಸಾರ್, ಗೆದ್ದು ರಿಟೈರಾಗಿರೋದು.”

“ರಿಟೈರಾದವರಿಗೆ ಜೀವವಿಮೆ ಮಾಡಿಸಕ್ಕೆ ಹೋದ್ರೆ ಮಾಡ್ತಾರೇನಮ್ಮಾ?”

ಹೀಗೆ ಬೈದುಕೊಂಡೇ ಅವರು ನನಗೆ ಕಲಿಸಿದ ಪಾಠ ದೊಡ್ಡದು: ಮೊದಲು ಚಾಸಿ ನೋಡು, ಆಮೇಲೆ ಮಾಲೀಕನ ಮುಖ ನೋಡು. ಮಾಲೀಕ ನಗುತ್ತಾನೆ, ಅಳುತ್ತಾನೆ, ಮಗಳ ಮದುವೆ ಎನ್ನುತ್ತಾನೆ. ಚಾಸಿ ಸುಳ್ಳು ಹೇಳುವುದಿಲ್ಲ.

ಹೊಸಬರು ಎಡವುವ ಮೊದಲ ಜಾಗ ಯಾವುದೆಂದು ಹೇಳುತ್ತೇನೆ. ನೋಂದಣಿ ಮಾಡುವವರು ‘ಮೊದಲು ವಿಮೆ ತೋರಿಸಿ’ ಎನ್ನುತ್ತಾರೆ. ವಿಮೆಯವರು ‘ಗಾಡಿ ನಂಬರು ಎಲ್ಲಿ’ ಎನ್ನುತ್ತಾರೆ. ಇಬ್ಬರ ನಡುವೆ ಓಡಾಡಿ ಚಪ್ಪಲಿ ಸವೆಸಿದವರನ್ನು ನೋಡಿದ್ದೇನೆ. ಓಡಾಡಬೇಡಿ. ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೇ ಬರೆಸಿ ಕವರ್ ನೋಟ್, ಅಂದರೆ ಪಾಲಿಸಿಗೆ ಮುಂಚಿನ ತಾತ್ಕಾಲಿಕ ವಿಮೆ ಚೀಟಿ, ತೆಗೆದುಕೊಳ್ಳಿ. ಅದನ್ನು ಹಿಡಿದು ತಾತ್ಕಾಲಿಕ ನಂಬರು ಪಡೆಯಿರಿ. ಆಮೇಲೆ ಗಾಡಿಯನ್ನು ತಪಾಸಣೆಗೆ ಓಡಿಸಿಕೊಂಡು ಹೋಗಿ. ಇನ್ನೊಂದು ಮಾತು. ಎರಡನೇ ಮಹಾಯುದ್ಧದ ಜೀಪು ತಂದು “ಇದು ವಿಂಟೇಜು, ನಾನು ಹೇಳಿದಷ್ಟು ಬೆಲೆಗೆ ವಿಮೆ ಮಾಡಿ” ಎಂದು ಹಟ ಹಿಡಿಯುವವರು ಇರುತ್ತಾರೆ. ವಿಮೆಯವರ ಲೆಕ್ಕದಲ್ಲಿ ವಿಂಟೇಜು ಎಂದರೆ ಅದಕ್ಕಿಂತಲೂ ಹಿಂದಿನ ಗಾಡಿ. ಕೊಂಡವರಿಗೆ ಬೇಜಾರಾದರೂ ಅದನ್ನು ಮೊದಲೇ ಹೇಳಿಬಿಡಿ. ಗಾಡಿ ಸುಟ್ಟುಹೋದ ಮೇಲೆ ಹೇಳಿದರೆ ನಿಮ್ಮನ್ನೇ ಸುಡುತ್ತಾರೆ.

ಬಣ್ಣದ ವಿಷಯಕ್ಕೆ ಬಂದರೆ ನನಗೆ ನಾರಾಯಣರೆಡ್ಡಿಯವರು ನೆನಪಾಗಿ ನಗು ಉಕ್ಕುತ್ತದೆ. ಕೆ.ಆರ್. ಪುರಂ ಆಚೆಯ ಹಳ್ಳಿಯವರು. ರಾಗಿ ಹೊಲ ಲೇಔಟಾಗಿ, ಮನೆ ಮುಂದೆ ಏನಾದರೊಂದು ನಿಲ್ಲಿಸಬೇಕು ಎಂಬ ಉತ್ಸಾಹ ಬಂದಿದ್ದ ಕಾಲ. ಹರಾಜಿನ ಜೀಪು ತಂದರು. ಸೇನೆಯ ಆಲಿವ್ ಹಸಿರನ್ನು ಬೇರೆ ಯಾರೂ ಬಳಿಯುವಂತಿಲ್ಲ, ಕಾನೂನೇ ಇದೆ, ಮೊದಲು ಬಣ್ಣ ಬದಲಾಯಿಸಿ ಎಂದು ನಾನು ಹೇಳಿದೆ. “ಒಂದು ಭಾನುವಾರ ಹಂಗೇ ಓಡಿಸ್ಕೋತೀನಿ ಬಿಡಮ್ಮಾ” ಎಂದರು. ನೂರಡಿ ರಸ್ತೆಯಲ್ಲಿ ಯಾರೋ ಇಬ್ಬರು ವಾಚ್‌ಮನ್‌ಗಳು ಸೆಲ್ಯೂಟ್ ಹೊಡೆದರಂತೆ. ಇವರು ಉಬ್ಬಿಹೋಗಿ, ಸೇನೆಯ ಕೇಂದ್ರವಿರುವ ಹಲಸೂರು ಕೆರೆಯ ಕಡೆಗೆ ತಿರುಗಿಸಿದ್ದಾರೆ. ಅಲ್ಲಿ ಮಿಲಿಟರಿ ಪೊಲೀಸರು ಅಡ್ಡ ನಿಲ್ಲಿಸಿ ಕೇಳಿದರು, “ಯಾವ ಯೂನಿಟ್?”

ರೆಡ್ಡಿಯವರು ಎದೆ ಸೆಟೆಸಿ, “ಪಂಚಾಯ್ತಿ ಯೂನಿಟ್ ಸಾರ್!”

ಅವರು ಪೊಲೀಸರಿಗೆ ಒಪ್ಪಿಸಿದ ಜೀಪು ಠಾಣೆಯಿಂದ ಹೊರಬರುವುದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಹೊರಬಂದ ಮೇಲೂ ಅವರು, “ಗಿಳಿ ಹಸಿರು ನಡೆಯುತ್ತಾ ವಿಮಲಮ್ಮಾ?” ಎಂದು ಕೇಳಿದರು. ಕಾನೂನಿನಲ್ಲಿ ನಡೆಯುತ್ತದೆ. ಆದರೆ ಗಿಳಿ ಯಾವುದು, ಆಲಿವ್ ಯಾವುದು ಎಂದು ನಡುರಸ್ತೆಯಲ್ಲಿ ನಿಂತು ವಾದ ಮಾಡುವವರು ಯಾರು? ಚೌಕಾಸಿಯಿಂದಲೇ ಬದುಕಿದ ನಾನೂ ಹಸಿರಿನ ಜೊತೆ ಚೌಕಾಸಿ ಮಾಡಬೇಡಿ ಎಂದೇ ಹೇಳುತ್ತೇನೆ. ರೆಡ್ಡಿಯವರು ಕೊನೆಗೆ ಹಳದಿ ಬಳಿಸಿದರು. ಅದೇ ಜೀಪನ್ನು ನೆಂಟರಿಷ್ಟರ ಮದುವೆ ಮೆರವಣಿಗೆಗೆಲ್ಲ ಬಾಡಿಗೆಗೆ ಬಿಡುತ್ತಾರೆ ಎಂಬ ಸುದ್ದಿ ಬಂದಾಗ ನಾನೇ ಬಸ್ಸು ಹತ್ತಿಕೊಂಡು ಹೋಗಿ ನಿಲ್ಲಿಸಿದೆ. ಖಾಸಗಿ ಗಾಡಿಯ ಪಾಲಿಸಿ ಇಟ್ಟುಕೊಂಡು ಬಾಡಿಗೆ ಓಡಿಸಿದರೆ ವಿಮೆಯವರಿಗೆ ತಕರಾರು ತೆಗೆಯಲು ನೀವೇ ಹಗ್ಗ ಕೊಟ್ಟ ಹಾಗೆ. ಬಾನೆಟ್ಟಿನ ಮೇಲೆ ಕುಣಿಯುವ ಸೋದರಳಿಯ ಜಾರಿಬಿದ್ದ ದಿನ ಈ ಮಾತು ನೆನಪಾಗಿ ಏನೂ ಪ್ರಯೋಜನವಿಲ್ಲ.

ಎಂಜಿನ್ನಿನದೂ ಅಷ್ಟೇ. ಶಿವಾಜಿನಗರದ ಗ್ಯಾರೇಜುಗಳಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸುವುದು ಇಡ್ಲಿ ಇಳಿಸಿ ವಡೆ ಹಾಕಿದಷ್ಟು ಸಲೀಸು. ಏರಿಸಿ, ಬೇಡ ಎನ್ನುವುದಿಲ್ಲ. ಆದರೆ ಅನುಮತಿ ಪಡೆದು, ಆರ್‌ಸಿಯಲ್ಲಿ ಬರೆಸಿ, ವಿಮೆಯಲ್ಲೂ ಬರೆಸಿ.

ಆಮೇಲೆ ಖಾಸಗಿ ವಿಮಾ ಕಂಪನಿಗಳು ಬಂದವು, ಕಂಪ್ಯೂಟರು ಬಂತು. ಹರಾಜಿನ ಜೀಪೊಂದಕ್ಕೆ ಪಾಲಿಸಿ ಕೇಳಿದರೆ ಎಸಿ ಕಚೇರಿಯ ಹುಡುಗ ಪರದೆ ನೋಡಿ, “ಮೇಡಂ, ಲಿಸ್ಟ್‌ನಲ್ಲಿ ಈ ಮಾಡೆಲ್ಲೇ ಇಲ್ಲ” ಎಂದ. ಇರುವುದರಲ್ಲಿ ಹತ್ತಿರದ್ದು ಯಾವುದು ಎಂದು ತಾನೇ ಹುಡುಕಿ ಟ್ರ್ಯಾಕ್ಟರ್ ಎಂದು ಒತ್ತಿಬಿಟ್ಟ. ಆ ಪಾಲಿಸಿಯನ್ನು ನಾನು ಅಲ್ಲೇ ವಾಪಸು ಮಾಡಿಸಿದೆ. ಕಾಗದ ಕೈಗೆ ಬಂದಾಗ ಕೌಂಟರಿನ ಎದುರೇ ನಿಂತು ಓದಬೇಕು. ಮನೆಗೆ ಹೋಗಿ ಓದುವುದು ಮದುವೆ ಪತ್ರಿಕೆ.

ಇನ್ನು ಹವಾಲ್ದಾರ್ ಬಸಪ್ಪನವರ ಜೀಪಿನ ಕಥೆ. ಅದನ್ನು ಹೇಳದೆ ಈ ಬರಹ ಮುಗಿಸಿದರೆ ನನಗೆ ನಿದ್ದೆ ಬಾರದು!

ಬಸಪ್ಪನವರು ಗೋಕಾಕದ ಕಡೆಯವರು. ಸೇನೆಯಲ್ಲಿ ಡ್ರೈವರಾಗಿದ್ದು ನಿವೃತ್ತರಾಗಿ, ಹೊಸ ತಿಪ್ಪಸಂದ್ರದಲ್ಲಿ ಬಾಡಿಗೆ ಮನೆ ಹಿಡಿದು, ಒಂದು ಕಾರ್ಖಾನೆಯಲ್ಲಿ ಭದ್ರತೆಯ ಕೆಲಸ ನೋಡಿಕೊಂಡಿದ್ದರು. ಕಾಯಂ ಇಸ್ತ್ರಿ ಅಂಗಿ, ಮೀಸೆಗೂ ಇಸ್ತ್ರಿ. ತಾವು ಓಡಿಸುತ್ತಿದ್ದಂಥದ್ದೇ ಜೀಪೊಂದನ್ನು ಹರಾಜಿನಲ್ಲಿ ಹಿಡಿದು ತಂದಿದ್ದರು. ಅವರ ಮನೆಗೆ ಹೋಗಿದ್ದಾಗ ಯಾಕೆ ಎಂದು ನಾನು ಕೇಳಿದರೆ ಬಾಗಿಲ ಕಡೆ ಕೈ ತೋರಿಸಿದರು.

“ಅಕ್ಕಾರ, ಇಷ್ಟ ವರ್ಷ ಸಾಹೇಬರ ಹೆಂಡ್ರ ಮಕ್ಕಳ್ನೆಲ್ಲಾ ಕೂಡಿಸಿ ಓಡಿಸೀನ್ರಿ. ಇಕೀನ್ನ ಒಂದ ದಿನಾನೂ ಕೂಡಿಸಿಲ್ಲ. ನಮ್ಮಂಥಾವ್ರಿಗೆ ಹೆಂಡತಿ ಕೂಡ್ಸಾಕ ರೂಲ್ ಇರ್ಲಿಲ್ರಿ. ಒಮ್ಮೆ ಇಕಿ ಊರಿಂದ ಬಂದಿದ್ಲು. ತಲಿ ಮ್ಯಾಲೆ ಟ್ರಂಕ್ ಹೊತ್ಕೊಂಡು ನಡಕೋಂತ ಹೊಂಟಿದ್ಲು. ನಾ ಖಾಲಿ ಜೀಪ್ ಓಡಿಸ್ಕೋಂತ ಬಾಜೂಕ್ಕ ಹಾದು ಹೋದೆ. ಹಾರ್ನ್ ಸೈತ ಹೊಡೀಲಿಲ್ರಿ.”

ಅವರ ಹೆಂಡತಿ ಗಂಗವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕರಗಿದಂತೇನೂ ಕಾಣಲಿಲ್ಲ. “ನಂಬರ್ ಆಗದ ಗಾಡ್ಯಾಗ ನಾ ಕುಂದ್ರಂಗಿಲ್ರೀ. ರೂಲ್ ಅಂದ್ರ ರೂಲ್. ನನಗ ಕಲಿಸಿದವ್ರು ಇವ್ರ. ಟೆಂಪರ್ವರಿ ನಂಬರ್ ಮುಗ್ಯೂದ್ರಾಗ ಪಕ್ಕಾ ನಂಬರ್ ಆಗಬೇಕು. ಆಗ್ಲಿಲ್ಲಂದ್ರ ಗುಜರಿಯವ್ನ ಕರಸ್ತೀನಿ. ಗಾಡಿ ಅಂಗಳದಾಗ ನಿಂತೈತಿ ಅಂತ ಮನಿ ಮಾಲಕ್ರು ದಿನಾ ಬೈತಾರ.”

ಬೆದರಿಕೆ ಬಾಯಿಮಾತಿನದಾಗಿರಲಿಲ್ಲ. ಶಿವಾಜಿನಗರದ ಗುಜರಿ ವ್ಯಾಪಾರಿಯೊಬ್ಬ ಆಗಲೇ ಬಂದು ಟೈರು ಒದ್ದು ನೋಡಿ ಹೋಗಿದ್ದ.

ನಾನು ಹುರುಪಿನಿಂದ ಕೆಲಸಕ್ಕೆ ಇಳಿದೆ. ಕವರ್ ನೋಟ್ ಆಯಿತು, ತಾತ್ಕಾಲಿಕ ನಂಬರು ಆಯಿತು. ಶಿವಾಜಿನಗರದ ಖಾದರ್ ಭಾಯಿ ಗ್ಯಾರೇಜಿನಲ್ಲಿ ಇಂಡಿಕೇಟರ್, ಸ್ಪೀಡೋಮೀಟರ್ ಕೂರಿಸಿದೆವು. ಆಲಿವ್ ಹಸಿರು ಹೋಗಿ ಕಡುಗೆಂಪು ಬಂತು. ಬಸಪ್ಪನವರು ಅತ್ತ ಮುಖ ತಿರುಗಿಸಿಕೊಂಡು ನಿಂತಿದ್ದರು. “ಅರೆ ಹವಾಲ್ದಾರ್ ಸಾಬ್, ಗಮ್ ನಕ್ಕೋ, ಬೇಜಾರು ಬೇಡ! ಮದುವೆಗೆ ಹೆಣ್ಣು ತಯಾರಾದಂಗೆ ಆಗ್ತಾ ಇದೆ” ಎಂದು ಖಾದರ್ ಭಾಯಿ ಅವರ ಬೆನ್ನು ತಟ್ಟಿದರು.

ಉಳಿದದ್ದು ಒಂದೇ ಕೆಲಸ, ಪೆನ್ಸಿಲ್ ಪ್ರಿಂಟು. ಚಾಸಿಯ ಕಬ್ಬಿಣದಲ್ಲಿ ಕೊರೆದ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಂಕಿಗಳು ಕಾಗದಕ್ಕೆ ಏಳುತ್ತವೆ. ಅದನ್ನು ಅರ್ಜಿಗೆ ಅಂಟಿಸಬೇಕು. ಈಗ ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾರೆ, ಆಗ ಅದೇ ಆಧಾರ. ಸೇನೆಯ ಗಾಡಿಗಳಿಗೆ ಪ್ರತಿ ರಿಪೇರಿಯಲ್ಲೂ ಬಣ್ಣದ ಮೇಲೆ ಬಣ್ಣ ಬಳಿದು ನಂಬರು ಮುಚ್ಚಿಹೋಗಿರುತ್ತದೆ. ಹಾಗಾಗಿ ಬಸಪ್ಪನವರಿಗೆ, “ತಪಾಸಣೆಗೆ ಮುಂಚೆ ನಂಬರ್ ಇರೋ ಜಾಗ ಸ್ವಲ್ಪ ಕ್ಲೀನ್ ಮಾಡಿಡಿ” ಎಂದು ಹೇಳಿ ಬಂದೆ.

ತಪಾಸಣೆಯ ಹಿಂದಿನ ದಿನ ಹೋದರೆ ಬಸಪ್ಪನವರು ಅಂಗಳದಲ್ಲೇ ಅಟೆನ್ಶನ್ನಿನಲ್ಲಿ ನಿಂತಿದ್ದರು. ಮುಖ ಬೆಳಗುತ್ತಿತ್ತು.

“ಬರ್ರಿ ಅಕ್ಕಾರ, ಇನ್‌ಸ್ಪೆಕ್ಷನ್ನಿಗೆ ರೆಡಿ! ಮದಲ ಅರ ಹಾಕಿದೆ, ಆಮ್ಯಾಲೆ ಎಮರಿ ಪೇಪರ್, ಕಡೀಕ ಪಾಲಿಶ್. ನೋಡ್ರಿ, ಕನ್ನಡಿ ಆಗೇತಿ ಕನ್ನಡಿ. ಮುಖ ಕಾಣತೈತಿ!”

ಬಗ್ಗಿ ನೋಡಿದೆ. ನನ್ನ ಮುಖ ಕಂಡಿತು. ನಂಬರು ಕಾಣಲಿಲ್ಲ.

ತುಕ್ಕು ತಿಂದು ಮೊದಲೇ ಸವೆದಿದ್ದ ಅಂಕಿಗಳು. ಬೆಲ್ಟಿನ ಬಕಲ್ಲಿನಿಂದ ಬೂಟಿನ ಮೊಳೆಯವರೆಗೆ ಜೀವಮಾನವಿಡೀ ಹೊಳೆಸಿದ ಕೈ. ಕ್ಲೀನ್ ಎಂದರೆ ಸೇನೆಯಲ್ಲಿ ಅದಕ್ಕೆ ಒಂದೇ ಅರ್ಥ. ಡ್ಯಾಶ್‌ಬೋರ್ಡಿನಲ್ಲಿರಬೇಕಿದ್ದ ನಂಬರಿನ ತಗಡಿನ ಪಟ್ಟಿ ಹರಾಜು ನಡೆದ ಸೇನೆಯ ಡಿಪೋದಲ್ಲೇ ಕಳೆದುಹೋಗಿತ್ತು. ಎಂಜಿನ್ ಬದಲಾಗುವಂಥದ್ದು, ಅದರ ನಂಬರೊಂದೇ ಸಾಲದು. ಜೀಪಿನ ಗುರುತೆಲ್ಲ ಉಳಿದಿದ್ದದ್ದು ಆ ಒಂದು ಗೇಣು ಕಬ್ಬಿಣದಲ್ಲಿ. ಅದೀಗ ಮುಖ ನೋಡಿಕೊಳ್ಳುವ ಕನ್ನಡಿ.

“ಬಸಪ್ಪನವರೇ, ನಂಬರ್ ಎಲ್ರೀ?”

ಅವರು ಬಗ್ಗಿದರು, ಬೆರಳಾಡಿಸಿದರು. ಆ ಮೀಸೆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. “ಅಯ್ಯ ಶಿವನೇ” ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಒಳಗಿನಿಂದ ಗಂಗವ್ವ, “ಏನಾತು?” ಎಂದು ಕೂಗಿದರು. ನಾವಿಬ್ಬರೂ ಒಟ್ಟಿಗೇ, “ಏನಿಲ್ಲ!” ಎಂದೆವು.

ಚಾಸಿ ನಂಬರು ಉಜ್ಜಿದ ಗಾಡಿ ಎಂದರೆ ಮೊದಲು ಬರುವ ಅನುಮಾನ ಕಳವು. ನೋಂದಣಿ ಇರಲಿ, ಠಾಣೆಯ ಹಿತ್ತಲಲ್ಲಿ ಬಿದ್ದು ಕೊಳೆಯಬೇಕು. ನಾನು ಕರೆಸಿದ ಖಾದರ್ ಭಾಯಿ ನೋಡಿ ಕಿವಿ ಹಿಡಿದುಕೊಂಡರು. “ಅಕ್ಕಾ, ನಾನೇ ಹೊಸದಾಗಿ ಪಂಚ್ ಹೊಡೆದ್ಬಿಟ್ರೆ?”

“ಹೊಡೆದ್ರೆ ನಾವು ಮೂವರೂ ಒಂದೇ ಜೈಲಲ್ಲಿ ಬಿರಿಯಾನಿ ತಿನ್ಬೇಕು ಭಾಯಿ. ಕೈ ಮುಟ್ಟಿಸ್ಬೇಡಿ.”

ಇದನ್ನು ಓದುವ ಹೊಸಬರು ಗಟ್ಟಿಯಾಗಿ ಹಿಡಿದುಕೊಳ್ಳಿ. ತಪ್ಪಾದಾಗ ಅದನ್ನು ಮುಚ್ಚಲು ಇನ್ನೊಂದು ತಪ್ಪು ಮಾಡಬಾರದು. ಅಧಿಕಾರಿ ಕಂಡುಹಿಡಿಯುವ ಮೊದಲೇ ನೀವೇ ಹೋಗಿ ಹೇಳಬೇಕು. ನಾನು ಮಾರನೆಯ ಬೆಳಗ್ಗೆ ಆರ್‌ಟಿಓದ ಇನ್‌ಸ್ಪೆಕ್ಟರರ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕಡಕ್ ಆಸಾಮಿ, ಚಹಾ ಕುಡಿಸಿ ಮಾತಾಡಿಸುವ ಹಾಗಿಲ್ಲ. ಟಾರ್ಚು ಹಿಡಿದು ಜೀಪಿನ ಕೆಳಗೆ ತೂರಿ ಹೊರಬಂದರು.

“ನಂಬರ್ ತಿದ್ದಲಾಗಿದೆ ಅಂತ ಬರೀತೀನಿ. ಪೊಲೀಸ್‌ನೋರು ನೋಡ್ಕೊಳ್ಲಿ.”

“ಸಾರ್, ತಿದ್ದಿದ್ರೆ ಇನ್ನೊಂದು ನಂಬರ್ ಇರ್ಬೇಕಲ್ವಾ? ಇಲ್ಲಿ ಯಾವ ನಂಬರೂ ಇಲ್ಲ. ಯಾವ ಕಳ್ಳ ಸಾರ್ ಇಷ್ಟು ನೀಟಾಗಿ ಪಾಲಿಶ್ ಹಾಕ್ತಾನೆ?”

ಅವರ ತುಟಿ ಒಂಚೂರು ಅಲುಗಿತು. ಸಂದು ಸಿಕ್ಕಿತು ಎಂದುಕೊಂಡು ನಾನು ಬಿಡಲಿಲ್ಲ. “‘ಓದಲಾಗುತ್ತಿಲ್ಲ’ ಅಂತ ಬರೀರಿ ಸಾರ್. ಲ್ಯಾಬಿಗೆ ಕಳ್ಸಿ. ಕಳವಾದ ಸ್ಕೂಟರ್ ಕ್ಲೇಮುಗಳಲ್ಲಿ ನಾನೇ ನೋಡಿದ್ದೀನಿ, ಅರ ಹಾಕಿ ಉಜ್ಜಿದ ನಂಬರನ್ನ ಔಷಧಿ ಹಚ್ಚಿ ಎಬ್ಬಿಸ್ತಾರೆ. ಡಿಪೋದವ್ರು ಹರಾಜಿನ ಕಾಗದದಲ್ಲಿ ಕೊಟ್ಟ ನಂಬರೇ ಎದ್ರೆ ನಮ್ದು. ಬೇರೆ ಎದ್ರೆ ಈ ಗಾಡಿ ನಿಮ್ದು, ಹವಾಲ್ದಾರರೂ ನಿಮ್ಮವರೇ.”

ಬಸಪ್ಪನವರು ಗಾಬರಿಯಿಂದ ನನ್ನತ್ತ ನೋಡಿದರು. ಇನ್‌ಸ್ಪೆಕ್ಟರರು ಪೆನ್ನು ತೆರೆದು, ಒಂದು ಗಳಿಗೆ ತಡೆದು, ‘ಓದಲಾಗುತ್ತಿಲ್ಲ’ ಎಂದೇ ಬರೆದರು. ಆ ಪದಕ್ಕಾಗಿ ಮಾಡಿದ ಚೌಕಾಸಿಯೇ ನನ್ನ ವೃತ್ತಿಯ ಅತಿ ದೊಡ್ಡ ಚೌಕಾಸಿ.

ಸರ್ಕಾರಿ ಪ್ರಯೋಗಾಲಯದ ತಜ್ಞರು ಆರ್‌ಟಿಓ ಅಂಗಳಕ್ಕೇ ಬರುವ ಹೊತ್ತಿಗೆ ತಾತ್ಕಾಲಿಕ ನಂಬರಿನ ಅವಧಿ ಮುಗಿಯುತ್ತಾ ಬಂದಿತ್ತು. ಗಂಗವ್ವನಿಗೂ ವಿಷಯ ಗೊತ್ತಾಗಿತ್ತು. ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ. ಸೆರಗು ಸಿಕ್ಕಿಸಿಕೊಂಡು ತಾವೂ ಬಂದು ಗೋಡೆಗೆ ಒರಗಿ ನಿಂತಿದ್ದರು. ಖಾದರ್ ಭಾಯಿ ಬಂದಿದ್ದರು. ಗುಜರಿಯವನೂ ಬಂದಿದ್ದ. ಯಾರು ಹೇಳಿದರೋ ಗೊತ್ತಿಲ್ಲ.

ತಜ್ಞರು ಸಣ್ಣ ಬಾಟಲಿ, ಹತ್ತಿ ತೆಗೆದರು. ಅಂಕಿ ಬಡಿದಾಗ ಕೆಳಗಿನ ಕಬ್ಬಿಣವೂ ಒಳಗೊಳಗೇ ಬಿಗಿದುಕೊಂಡಿರುತ್ತದೆ, ಮೇಲಿನದು ಸವೆದರೂ ಆ ಬಿಗಿತ ಉಳಿದಿರುತ್ತದೆ, ಔಷಧಿ ಅದನ್ನು ಬೇರೆಯಾಗಿ ತಿನ್ನುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಹತ್ತಿಯಿಂದ ಒರೆಸಿದರು. ಏನೂ ಇಲ್ಲ. ಮತ್ತೆ ಒರೆಸಿದರು. ನಾನು ಡಿಪೋದ ಕಾಗದ ಹಿಡಿದು ಪಕ್ಕದಲ್ಲೇ ಬಗ್ಗಿ ನಿಂತಿದ್ದೆ.

“ಬರ್ತಾ ಇದೆ” ಎಂದರು.

ಅಬ್ಬಾ! ಆ ಹೊಳಪಿನೊಳಗಿನಿಂದ ಹೊಗೆಯ ಹಾಗೆ ಒಂದು ಏಳು ಎದ್ದಿತು. ಕಣ್ಣೆದುರೇ ಎದ್ದು, ಕಣ್ಣೆದುರೇ ಮಸುಕಾಯಿತು. ಇನ್‌ಸ್ಪೆಕ್ಟರರು ನನ್ನ ಕೈಯಿಂದ ಕಾಗದ ಕಿತ್ತುಕೊಂಡು ತಾವೇ ತಾಳೆ ನೋಡತೊಡಗಿದರು. ನಾಲ್ಕು, ಸರಿ. ಸೊನ್ನೆ, ಸರಿ. ಅಂಗಳದಲ್ಲಿದ್ದ ಆಟೋದವರು, ಲೈಸೆನ್ಸಿಗೆ ಬಂದವರು ಎಲ್ಲ ಸುತ್ತ ಸೇರಿ ಒಂದೊಂದು ಅಂಕಿಗೂ ಕ್ರಿಕೆಟ್ ಮ್ಯಾಚಿನ ಹಾಗೆ ಕೂಗುತ್ತಿದ್ದರು. ಕೊನೆಯ ಅಂಕಿಗೆ ಬಂದಾಗ ತಜ್ಞರು ನಿಂತರು.

“ಮೂರು.”

ಕಾಗದದಲ್ಲಿದ್ದದ್ದು ಎಂಟು.

ಕೂಗು ನಿಂತುಹೋಯಿತು. ಇನ್‌ಸ್ಪೆಕ್ಟರರು ನನ್ನ ಮುಖ ನೋಡಿದರು. ಬಸಪ್ಪನವರು ಕಣ್ಣು ಮುಚ್ಚಿಕೊಂಡರು. ಗುಜರಿಯವನು ಒಂದು ಹೆಜ್ಜೆ ಮುಂದೆ ಬಂದ.

“ಸಾರ್, ಇನ್ನೊಂದ್ಸಲ” ಎಂದೆ.

“ಹಚ್ಚಬಹುದು. ಆದ್ರೆ ಏನು ಕಾಣುತ್ತೋ ಅದನ್ನೇ ಬರೀತೀನಿ.”

“ಅದನ್ನೇ ಬರೀರಿ.”

ಮತ್ತೆ ಹತ್ತಿ. ಮೂರು ಹಾಗೆಯೇ ಇತ್ತು. ಮತ್ತೊಮ್ಮೆ. ಆಗ ಖಾದರ್ ಭಾಯಿ “ಯಾ ಅಲ್ಲಾ” ಎಂದು ಕಿರುಚಿದರು. ಮೂರರ ಎಡಮಗ್ಗುಲಿಗೆ, ಅರ ಜೋರಾಗಿ ಬಿದ್ದಿದ್ದ ಕಡೆಯಿಂದ, ಕೂದಲೆಳೆಯಂಥ ಎರಡು ಬಾಗು ನಿಧಾನವಾಗಿ ಎದ್ದು ಬಂದು ಕೂಡಿಕೊಂಡವು. ತಜ್ಞರು ಭೂತಗನ್ನಡಿ ಹಿಡಿದು ನೋಡಿದರು. ತಲೆ ಎತ್ತಿ, “ಎಂಟು. ಅನುಮಾನವಿಲ್ಲ” ಎಂದರು.

ಆಟೋದವರು ಸೀಟಿ ಹೊಡೆದರು! ನಾನು ಗಂಗವ್ವನನ್ನು ತಬ್ಬಿಕೊಂಡುಬಿಟ್ಟೆ. ಗುಜರಿಯವನು ಯಾವಾಗ ಹೋದನೋ ಯಾರೂ ನೋಡಲಿಲ್ಲ. ಇನ್‌ಸ್ಪೆಕ್ಟರರು ತಮ್ಮ ಎದುರಿನಲ್ಲೇ ಅದೇ ನಂಬರನ್ನು ಮತ್ತೆ ಬಡಿಸುವುದಕ್ಕೆ ಆದೇಶ ಕೊಟ್ಟು, ಬಸಪ್ಪನವರ ಕಡೆ ಬೆರಳು ತೋರಿಸಿ, “ಇವರ ಕೈಗೆ ಇನ್ನು ಎಮರಿ ಪೇಪರ್ ಕೊಡ್ಬೇಡಿ” ಎಂದರು.

ಆರ್‌ಸಿ ಪುಸ್ತಕ, ಪಾಲಿಸಿ ಎರಡೂ ಕೈಗೆ ಬಂದ ದಿನ ನಾನೂ ಹಿಂದಿನ ಸೀಟಿನಲ್ಲಿದ್ದೆ. ಗಂಗವ್ವ ನಂಬರ್ ಪ್ಲೇಟನ್ನು ಮುಂದೊಮ್ಮೆ ಹಿಂದೊಮ್ಮೆ ನೋಡಿ, ಮುಂದಿನ ಸೀಟಿಗೆ ಹತ್ತಿ ಕೂತರು. ನೂರಡಿ ರಸ್ತೆಯ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವನು ಜೀಪಿನ ಆಕಾರ ನೋಡಿ ಕೈ ಅಡ್ಡ ಹಿಡಿದ. ಹತ್ತಿರ ಬಂದು ವಯಸ್ಸಾದವರನ್ನು ನೋಡಿ, “ಹೋಗ್ಲಿ ಬಿಡಿ ಯಜಮಾನ್ರೇ, ಹೊರಡಿ” ಎಂದ.

ಬಸಪ್ಪನವರು ಎಂಜಿನ್ನೇ ಆರಿಸಿಬಿಟ್ಟರು. “ಕಾಗದ ನೋಡದ ಹೆಂಗ ಬಿಡ್ತೀರಿ? ನೋಡ್ರಿ. ಆರ್‌ಸಿ, ಇನ್ಶೂರೆನ್ಸು, ಲೈಸೆನ್ಸು, ಎಲ್ಲಾ ಐತಿ!”

ಹಿಂದೆ ಹಾರ್ನುಗಳು ಶುರುವಾದವು. ಬೇರೆ ದಾರಿಯಿಲ್ಲದೆ ಅವನು ಪುಸ್ತಕ ತೆರೆದು ಓದಿ, ಜೀಪನ್ನೊಮ್ಮೆ ನೋಡಿದ. “ಮಿಲಿಟರಿಯೋರ್ದು ಅನ್ಕೊಂಡೆ. ಗಾಡಿ ನಿಮ್ದೇನಾ?”

ಬಸಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಗಂಗವ್ವ ಅವರ ಮುಂದಿನಿಂದ ಬಗ್ಗಿ ಕೈಚಾಚಿ ಪುಸ್ತಕ ಇಸಿದುಕೊಂಡರು.

“ನಮ್ದು. ಇಬ್ಬರ್ದೂ. ಈಗ ದಾರಿ ಬಿಡಪಾ, ಹಿಂದ ಮಂದಿ ಕಾಯಾಕತ್ತೈತಿ.”